ಅಭ್ಯಾಸಕ್ಕೆ ಬೇರೆ ಸೂರು ಯಾಕೆ?

ಕನೆಕ್ಟಿಕಟ್‌ನಿಂದ ಪತ್ರ ಬರೆದ ಓದುಗರಿಗೆ,

ನಮಸ್ಕಾರ. ಮಗನನ್ನು ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಸೇರಿಸಲು ಸ್ಟಾರ್ಸ್ ಊರಿಗೆ ಹೋದಿರಿ. ಕ್ಯಾಂಪಸ್ ತೋರಿಸಿದ ವಿದ್ಯಾರ್ಥಿನಿ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ಭವನದ ಮುಂದೆ ಹತ್ತು ನಿಮಿಷ ಮಾತಾಡಿದಳು, ಗ್ರಂಥಾಲಯದ ಮುಂದೆ ಎರಡೇ ನಿಮಿಷ. ಅದು ನಿಮ್ಮ ಮನಸ್ಸಿಗೆ ಚುಚ್ಚಿದೆ. ‘ಹತ್ತು ಸಾವಿರ ಜನ ಕೂರುವ ಗ್ಯಾಂಪೆಲ್ ಪೆವಿಲಿಯನ್ ಇದ್ದ ಮೇಲೆ ಅಭ್ಯಾಸಕ್ಕೆ ಇನ್ನೊಂದು ಕಟ್ಟಡ ಯಾಕೆ? ಕಳೆದ ಸಂಚಿಕೆಯಲ್ಲಿ ನೀವೂ ಅದನ್ನು ಹೊಗಳಿದಿರಿ. ನಾನು ಕಟ್ಟುವ ಫೀಸಿನಲ್ಲಿ ಎಷ್ಟು ಅಲ್ಲಿಗೆ ಹೋಗುತ್ತದೆ ಅಂತ ಯಾಕೆ ಬರೆಯಲಿಲ್ಲ?’ ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆ. ದುಡ್ಡಿನ ಮಾತನ್ನು ಆ ಲೇಖನದಲ್ಲಿ ಬಿಟ್ಟದ್ದು ನಮ್ಮ ತಪ್ಪು.

ಮೊದಲು ಕಟ್ಟಡದ ವಿಚಾರ. ನೀವು ನೋಡಿದ ವರ್ತ್ ಭವನ 2014ರಲ್ಲಿ ಬಾಗಿಲು ತೆರೆಯಿತು. ಖರ್ಚು ಸುಮಾರು 4 ಕೋಟಿ ಡಾಲರ್. ಅದು ಬಂದದ್ದು ದಾನಿಗಳಿಂದ. ಈ ವಿಶ್ವವಿದ್ಯಾಲಯದ ತಂಡದಲ್ಲೇ ಆಡಿ ಬೆಳೆದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಸೇರಿದ ರೇ ಆಲನ್, ರೂಡಿ ಗೇ ಅವರೂ ಆ ದಾನಿಗಳಲ್ಲಿದ್ದಾರೆ. ಹಾಗಾಗಿ ಆ ಗೋಡೆಗಳಿಗೆ ನಿಮ್ಮ ಫೀಸು ಹೋಗಿಲ್ಲ.

ಗ್ಯಾಂಪೆಲ್ ಸಾಲದೇ ಎಂದರೆ, ಸಾಲದು. 1990ರಲ್ಲಿ ತೆರೆದ ಆ ಕ್ರೀಡಾಂಗಣದಲ್ಲಿ ಪುರುಷರ ತಂಡ, ಮಹಿಳೆಯರ ತಂಡ, ವಾಲಿಬಾಲ್ ಎಲ್ಲವೂ ನಡೆಯಬೇಕು. ಪದವಿ ಪ್ರದಾನಕ್ಕೂ ಅದೇ ಜಾಗ. ಇನ್ನೊಂದು ಕಡೆ, ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದ ಪ್ರಕಾರ ಪಂದ್ಯಗಳ ಋತುವಿನಲ್ಲಿ ಒಬ್ಬ ಆಟಗಾರ್ತಿಯನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಅಭ್ಯಾಸಕ್ಕೆ ಕರೆಯುವಂತಿಲ್ಲ. ಮಧ್ಯೆ ತರಗತಿ, ಲ್ಯಾಬು, ಪರೀಕ್ಷೆ. ಅಂಕಣ ಖಾಲಿಯಾಗಲಿ ಎಂದು ಕಾಯುತ್ತ ಕೂತರೆ ನಷ್ಟವಾಗುವುದು ಓದಿನ ಹೊತ್ತೇ. ಬೆಳಗಿನ ತರಗತಿ ಮುಗಿಸಿ ಬಂದವಳಿಗೆ ಆ ಹೊತ್ತಿಗೇ ಅಂಕಣ ಸಿಕ್ಕರೆ ಸಂಜೆ ಅವಳ ಕೈಗೆ ಉಳಿಯುತ್ತದೆ. ‘ವಿಶ್ವವಿದ್ಯಾಲಯ ಇರುವುದು ಓದಿಗೋ ಆಟಕ್ಕೋ’ ಎಂದು ಬರೆದಿದ್ದೀರಲ್ಲ, ಓದನ್ನು ಗಟ್ಟಿಯಾಗಿ ನಂಬಿದವರಿಗೇ ಈ ಕಟ್ಟಡ ಹೆಚ್ಚು ಇಷ್ಟವಾಗಬೇಕು ಅನ್ನಿಸುತ್ತದೆ ನನಗೆ.

ನಾನು ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಓದಿದ ಕಾಲೇಜಿನಲ್ಲಿ ಇದ್ದದ್ದು ಒಂದೇ ಸಿಮೆಂಟ್ ಅಂಕಣ. ಹುಡುಗರು ಆಡಿ ಬಿಟ್ಟ ಮೇಲೆ ನಮಗೆ. ಅವರು ಬಿಡುವಾಗ ಐದೂಮುಕ್ಕಾಲು, ನಮ್ಮ ಹಾಸ್ಟೆಲ್ ಗೇಟು ಮುಚ್ಚುವುದು ಆರೂವರೆಗೆ. ಚೆಂಡು ಬಿಸಿಲಿಗೆ ಕಾದು ಉಬ್ಬಿರುತ್ತಿತ್ತು, ಬಿದ್ದರೆ ಮಂಡಿ ಸುಲಿಯುತ್ತಿತ್ತು. ಮೂರು ವರ್ಷ ಹಾಗೇ ಆಡಿದೆವು. ಕಾಯುತ್ತ ಗೋಡೆ ಮೇಲೆ ಕೂತ ಆ ಸಂಜೆಗಳು ನನಗೆ ಇನ್ನೂ ನೆನಪಿವೆ.

ಆದ್ದರಿಂದಲೇ ಸ್ಟಾರ್ಸ್‌ನ ಭವನದಲ್ಲಿ ನನ್ನ ಕಣ್ಣು ನೆಟ್ಟದ್ದು ಒಂದೇ ಸಂಗತಿಯ ಮೇಲೆ: ಪುರುಷರಿಗೊಂದು ಅಭ್ಯಾಸ ಅಂಕಣ, ಮಹಿಳೆಯರಿಗೊಂದು. ಎರಡೂ ಒಂದೇ ಸೂರಿನಡಿ, ಯಾರೂ ಯಾರಿಗೂ ಕಾಯಬೇಕಿಲ್ಲ. ಇದು ಎಲ್ಲ ಕಡೆ ಹೀಗಿಲ್ಲ. 2021ರ ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿಗೆ ಸ್ಯಾನ್ ಆಂಟೋನಿಯೊದಲ್ಲಿ ಸೇರಿದ್ದ ಮಹಿಳಾ ತಂಡಗಳಿಗೆ ವ್ಯಾಯಾಮಕ್ಕೆಂದು ಕೊಟ್ಟದ್ದು ಒಂದು ಸ್ಟ್ಯಾಂಡಿನಷ್ಟು ಡಂಬೆಲ್ ಮತ್ತು ಯೋಗದ ಚಾಪೆಗಳು. ಅದೇ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿದ್ದ ಪುರುಷರಿಗೆ ದೊಡ್ಡ ಜಿಮ್ಮೇ ಸಜ್ಜಾಗಿತ್ತು. ಆರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಹಾಕಿದ ಮೇಲೆಯೇ ದೊಡ್ಡವರು ಎಚ್ಚೆತ್ತರು. ಮೂರೇ ವರ್ಷದಲ್ಲಿ, 2024ರ ಮಹಿಳೆಯರ ಫೈನಲ್ ಅನ್ನು ಟಿವಿಯಲ್ಲಿ ನೋಡಿದವರು ಪುರುಷರ ಫೈನಲ್ ನೋಡಿದವರಿಗಿಂತ ಹೆಚ್ಚಾಗಿದ್ದರು.

ಕನೆಕ್ಟಿಕಟ್ ಮಹಿಳಾ ತಂಡದಲ್ಲಿ ಆಡಿದ ಪೇಜ್ ಬೆಕರ್ಸ್ ಗೊತ್ತಿರಬೇಕು. 2022ರ ಆಗಸ್ಟ್‌ನಲ್ಲಿ ಮಂಡಿಯ ಎಸಿಎಲ್ ಎಂಬ ಅಸ್ಥಿಬಂಧ ಹರಿದು ಇಡೀ ಒಂದು ಋತು ಆಡಲಿಲ್ಲ. ಅಂಥ ಗಾಯದಿಂದ ಏಳಲು ತಿಂಗಳುಗಟ್ಟಲೆ ಬೇಕು: ಚಿಕಿತ್ಸೆ, ತೂಕದ ವ್ಯಾಯಾಮ, ಆಮೇಲೆ ನಿಂತಲ್ಲೇ ಚೆಂಡೆಸೆತ, ಕೊನೆಗೆ ಓಟ. ಇವೆಲ್ಲ ಒಂದೇ ಛಾವಣಿಯಡಿ ಸಿಗುವುದು ಎಷ್ಟು ದೊಡ್ಡದೆಂದು ಮಂಡಿ ನೋವು ಕಂಡವರಿಗೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಅವರ ತಂಡ ಸೌತ್ ಕ್ಯಾರೊಲೈನಾವನ್ನು 82–59ರಿಂದ ಸೋಲಿಸಿ 12ನೇ ಎನ್‌ಸಿಎಎ ಪ್ರಶಸ್ತಿ ಗೆದ್ದಿತು.

ಈಗ ನಿಮ್ಮ ಫೀಸು. ಇಲ್ಲಿ ನಿಮ್ಮ ಮಾತೇ ಸರಿ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಹೆಸರಿನ ಫಲಕ ಹಾಕಬಹುದು. ದಿನದಿನದ ಖರ್ಚಿಗೆ ಫಲಕವಿಲ್ಲ. 2019ರ ಹೊತ್ತಿಗೆ ಕನೆಕ್ಟಿಕಟ್ ಕ್ರೀಡಾ ವಿಭಾಗದ ಆದಾಯಕ್ಕೂ ಖರ್ಚಿಗೂ ವರ್ಷಕ್ಕೆ 4 ಕೋಟಿ ಡಾಲರಿಗೂ ಮಿಕ್ಕಿದ ಅಂತರವಿತ್ತು. ಅದನ್ನು ತುಂಬಿದ್ದು ವಿಶ್ವವಿದ್ಯಾಲಯದ ನಿಧಿ ಮತ್ತು ವಿದ್ಯಾರ್ಥಿಗಳ ಶುಲ್ಕ. 2020ರಲ್ಲಿ ಉಳಿತಾಯದ ಹೆಸರಿನಲ್ಲಿ ನಾಲ್ಕು ತಂಡಗಳನ್ನು ಕೈಬಿಡಲು ತೀರ್ಮಾನಿಸಿದರು: ಪುರುಷರ ಟೆನಿಸ್, ಈಜು, ಕ್ರಾಸ್ ಕಂಟ್ರಿ, ಮತ್ತು ಮಹಿಳೆಯರ ರೋಯಿಂಗ್. ದೋಣಿ ಹುಟ್ಟುಹಾಕುವ ಆ ಹುಡುಗಿಯರು ಸುಮ್ಮನಾಗಲಿಲ್ಲ. ಶಿಕ್ಷಣದಲ್ಲಿ ಲಿಂಗಭೇದ ಮಾಡಬಾರದೆಂಬ 1972ರ ‘ಟೈಟಲ್ ನೈನ್’ ಕಾನೂನು ಹಿಡಿದು ನ್ಯಾಯಾಲಯಕ್ಕೆ ಹೋದರು, 2021ರಲ್ಲಿ ತಂಡವನ್ನು ಉಳಿಸಿಕೊಂಡರು. ಉಳಿದ ಮೂರು ಹೋದವು. ಬ್ಯಾಸ್ಕೆಟ್‌ಬಾಲ್ ಭವನದ ಹೊಳಪು ನೋಡುವಾಗ ಆ ಮೂರು ತಂಡಗಳ ಹುಡುಗರನ್ನೂ ನಾವು ನೆನೆಯಬೇಕಿತ್ತು. ನೆನೆಯಲಿಲ್ಲ.

ಆದರೆ ನಿಮ್ಮ ಮಗನಿಗೆ ನೇರವಾಗಿ ಸೇರಿದ್ದು 2019ರಲ್ಲಿ ತೆರೆದ ವಿದ್ಯಾರ್ಥಿ ವ್ಯಾಯಾಮ ಕೇಂದ್ರ. ಅದು ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುತ್ತದೆ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದೆ. ಅಲ್ಲಿಯೂ ಬ್ಯಾಸ್ಕೆಟ್‌ಬಾಲ್ ಅಂಕಣಗಳಿವೆ. ನೀವು ಕಟ್ಟಿದ ದುಡ್ಡಿಗೆ ಆತ ದಿನವೂ ಹೋಗಿ ಬೆವರು ಹರಿಸಲಿ.

ಇನ್ನೊಂದು ಮಾತು. ಈ ಆಟ ಹುಟ್ಟಿದ್ದೇ ತರಗತಿಯಲ್ಲಿ. ಸ್ಟಾರ್ಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್. 1891ರ ಡಿಸೆಂಬರ್‌ನಲ್ಲಿ ಅಲ್ಲಿನ ಮೇಷ್ಟ್ರು ಜೇಮ್ಸ್ ನೈಸ್ಮಿತ್, ಚಳಿಗೆ ಹೊರಗೆ ಹೋಗಲಾರದೆ ರೇಗುತ್ತಿದ್ದ ವಿದ್ಯಾರ್ಥಿಗಳಿಗಾಗಿ ಎರಡು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು ಆಡಿಸಿದರು. ಸ್ವಲ್ಪ ಮುಂದಕ್ಕೆ ನಾರ್ಥಾಂಪ್ಟನ್‌ನಲ್ಲಿ ಸ್ಮಿತ್ ಕಾಲೇಜು. ಅಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ 1893ರ ಹೊತ್ತಿಗೆ ಹುಡುಗಿಯರ ಪಂದ್ಯ ಏರ್ಪಡಿಸಿದರು. ರಜೆಯಲ್ಲಿ ಮಗನ ಜೊತೆ ಆ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ.

ಪತ್ರದ ಕೊನೆಯಲ್ಲಿ, ಮಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು, ಆದರೆ ತಂಡಕ್ಕೆ ಸೇರುವಷ್ಟು ಆಟವಿಲ್ಲ, ಆ ಭವನದ ಬಾಗಿಲು ಅವನಿಗೆ ಮುಚ್ಚಿದ್ದೇ ಎಂದು ಬೇಸರಪಟ್ಟಿದ್ದೀರಿ. ಪೂರ್ತಿ ಮುಚ್ಚಿಲ್ಲ. ಕನೆಕ್ಟಿಕಟ್ ಮಹಿಳಾ ತಂಡ ಅಭ್ಯಾಸದಲ್ಲಿ ಎದುರಾಳಿಗಳಾಗಿ ಆಡಲು ಸಾಮಾನ್ಯ ಹುಡುಗರನ್ನು ತೆಗೆದುಕೊಳ್ಳುತ್ತದೆ. ವಿದ್ಯಾರ್ಥಿವೇತನವಿಲ್ಲ, ಟಿವಿಯಲ್ಲಿ ಮುಖ ಬರುವುದಿಲ್ಲ, ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ದೇಶದ ಅತ್ಯುತ್ತಮ ಆಟಗಾರ್ತಿಯರ ಎದುರು ಮೈಮುರಿದು ಆಡಬೇಕು. ಸೆಮಿಸ್ಟರ್ ಶುರುವಾದ ಕೂಡಲೇ ತಂಡದ ಕಚೇರಿಗೆ ಹೋಗಿ ವಿಚಾರಿಸಲು ಹೇಳಿ. ಆಯ್ಕೆಯಾದರೆ ನಮಗೊಂದು ಪತ್ರ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕಿ