ಪಾಸ್‌ವರ್ಡ್ ಕೇಳಬೇಕಾದ್ದು ಸರ್ವರ್
ಮನೆಯವರ ಫೋಟೋ ಪುಟಗಳಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಕೇಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ನಂಬಬೇಡಿ. ಪಾಸ್‌ವರ್ಡ್ ಕೇಳುವ ಹೊತ್ತಿಗೆ ಪುಟ ಆಗಲೇ ಬ್ರೌಸರ್‌ಗೆ ಬಂದಿರುತ್ತದೆ. ಕಂಟ್ರೋಲ್ ಜೊತೆ ಯು ಒತ್ತಿದರೆ ಪುಟದ ಮೂಲ ಕೋಡ್ ಎಲ್ಲ ಕಾಣುತ್ತದೆ, ಎಷ್ಟೋ ಸಲ ಪಾಸ್‌ವರ್ಡ್ ಕೂಡ.

ನಿಮ್ಮ ಸೈಟ್‌ನ ಪುಟಗಳನ್ನು ಕಳಿಸುವುದು ಅಪಾಚೆ ಸರ್ವರ್ ಅಂದಿರಲ್ವಾ, ಹಾಗಾದರೆ ಆ ಫೋಲ್ಡರ್‌ನಲ್ಲಿ ಡಾಟ್ ಎಚ್‌ಟಿಆಕ್ಸೆಸ್ (.htaccess) ಅನ್ನೋ ಸೆಟ್ಟಿಂಗ್ ಫೈಲ್ ಇಟ್ಟು ಬೇಸಿಕ್ ಆಥೆಂಟಿಕೇಶನ್ ಹಾಕಿ, ಅಂದರೆ ಪುಟ ಕಳಿಸುವ ಮೊದಲು ಸರ್ವರೇ ಹೆಸರು, ಪಾಸ್‌ವರ್ಡ್ ಕೇಳುವ ವ್ಯವಸ್ಥೆ. ಹೆಸರು, ಪಾಸ್‌ವರ್ಡ್ ಇರುವ ಫೈಲನ್ನು ಎಚ್‌ಟಿಪಾಸ್‌ಡಬ್ಲ್ಯುಡಿ (htpasswd) ಕಮಾಂಡ್‌ನಿಂದ ಮಾಡಿ, ಸೈಟ್‌ನ ಫೋಲ್ಡರ್‌ಗಿಂತ ಹೊರಗಿಡಿ. ಮೊದಲ ಸಲ ಫೈಲ್ ಹೊಸದಾಗಿ ಮಾಡಲು ಕಮಾಂಡ್‌ಗೆ ‘-ಸಿ’ (-c) ಸೇರಿಸಬೇಕು, ಎರಡನೇ ಹೆಸರು ಸೇರಿಸುವಾಗ ಮಾತ್ರ ಅದನ್ನು ಹಾಕಬೇಡಿ. ಹಾಕಿದರೆ ಹಳೇ ಹೆಸರುಗಳೆಲ್ಲ ಅಳಿಸಿಹೋಗುತ್ತವೆ. ನಾನು ಹಾಗೆ ಮಾಡಿ ಎಲ್ಲರಿಗೂ ಮತ್ತೆ ಪಾಸ್‌ವರ್ಡ್ ಕೊಡಬೇಕಾಯಿತು.

ಎಚ್‌ಟಿಟಿಪಿಎಸ್ (ಬ್ರೌಸರ್, ಸರ್ವರ್ ನಡುವೆ ಹೋಗುವುದನ್ನು ಬೇರೆಯವರು ಓದದಂತೆ ಮಾಡುವ ವ್ಯವಸ್ಥೆ) ಮೊದಲೇ ಹಾಕಿಸಿಕೊಳ್ಳಿ. ಬೇಸಿಕ್‌ನಲ್ಲಿ ಪಾಸ್‌ವರ್ಡ್ ಹೋಗುವುದು ಬೇಸ್64 ಅನ್ನೋ ಅಕ್ಷರ ರೂಪದಲ್ಲಿ, ಅದನ್ನು ಯಾರು ಬೇಕಾದರೂ ಬಿಡಿಸಬಹುದು.