ಜರ್ಮನ್ನರಿಗೆ ‘ಗಡಿ’ ಕೊಟ್ಟವರು ಯಾರು?

ಪತ್ರ: “ಜರ್ಮನ್ನರು ಗಡಿಗೆ ಹೇಳುವ ‘ಗ್ರೆಂಟ್ಸೆ’ ಪೋಲಿಷ್‌ನ ‘ಗ್ರಾನಿತ್ಸಾ’ದಿಂದ ಬಂತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಉಲ್ಟಾ ಇರಬೇಕು ಅಲ್ವಾ? ಅಷ್ಟು ದೊಡ್ಡ ಭಾಷೆ ಇಂಥ ಪದಕ್ಕೂ ಪಕ್ಕದ ಮನೆಗೆ ಹೋಗುತ್ತದೆಯೇ?”
– ನಿವೃತ್ತ ಶಿಕ್ಷಕರು, ತುಮಕೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಪೋಲಿಷ್ ತುಂಬ ಜರ್ಮನ್ ಪದಗಳಿವೆ. ಪೇಟೆ ಚೌಕಕ್ಕೆ ‘ರಿನೆಕ್’, ಪುರಭವನಕ್ಕೆ ‘ರಾತುಶ್’. ಪೋಲೆಂಡಿನ ಕ್ರಾಕೋವ್ ಪಟ್ಟಣ 1257ರಲ್ಲಿ ಜರ್ಮನಿಯ ಮಾಗ್ದೆಬುರ್ಗ್ ನಗರದ ಪಟ್ಟಣಾಡಳಿತ ಕಾನೂನನ್ನು ಒಪ್ಪಿಕೊಂಡಿತು. ಕಾನೂನಿನ ಜೊತೆ ಪದಗಳೂ ಬಂದವು. ಅಷ್ಟು ನಿಮಗೆ ಬಿಟ್ಟುಕೊಟ್ಟೆ.

ಗಡಿಯ ಕಥೆ ಬೇರೆ. ಜರ್ಮನ್ನರಿಗೆ ‘ಮಾರ್ಕ್’ ಎಂಬ ಸ್ವಂತ ಪದ ಇತ್ತು. ಡೆನ್ಮಾರ್ಕ್ ಹೆಸರಿನ ಬಾಲದಲ್ಲಿರುವುದು ಅದೇ. ಆದರೆ ಅದರಲ್ಲಿ ಗೆರೆಗಿಂತ ಅಂಚಿನ ಸೀಮೆ ಎಂಬ ಅರ್ಥವೇ ಜಾಸ್ತಿ. 13ನೇ ಶತಮಾನದಲ್ಲಿ ಟ್ಯೂಟಾನಿಕ್ ನೈಟ್‌ಗಳು ಎಂಬ ಜರ್ಮನ್ ಕ್ರೈಸ್ತ ಯೋಧ-ಸನ್ಯಾಸಿಗಳು ಪೂರ್ವಕ್ಕೆ ಬಂದು ಜಮೀನು ಹಿಡಿದರು. ಅಲ್ಲಿ ಮಣ್ಣಿನ ಗುಡ್ಡೆ ಹಾಕಿ, ಮರಕ್ಕೆ ಗುರುತು ಕೆತ್ತಿ ಎಲ್ಲೆ ತೋರಿಸುವ ರೂಢಿ ಇತ್ತು. ಆ ಎಲ್ಲೆಯೇ ಗ್ರಾನಿತ್ಸಾ. ಬೆಟ್ಟದ ಚೂಪಾದ ನೆತ್ತಿಯಂಚಿಗೆ ಪೋಲರು ಇವತ್ತಿಗೂ ‘ಗ್ರಾನ್’ ಅನ್ನುತ್ತಾರೆ. ನೈಟ್‌ಗಳ ಕಾಗದಪತ್ರಗಳಲ್ಲಿ ಈ ಪದ ಜರ್ಮನ್ ವೇಷ ಹಾಕಿತು. ಬೈಬಲನ್ನು ಜರ್ಮನ್‌ಗೆ ತಂದ ಮಾರ್ಟಿನ್ ಲೂಥರ್ ಬಳಸಿದ ಮೇಲೆ ಮನೆಮಾತಾಯಿತು. ಮುಂದೆ ಡಚ್ಚರು, ಡೇನರು, ಸ್ವೀಡನ್ನಿನವರೂ ತೆಗೆದುಕೊಂಡರು.

ಪದ ಕೊಟ್ಟವರ ಗತಿ ನೋಡಿ. 1772 ಮತ್ತು 1795ರಲ್ಲಿ ರಷ್ಯಾ, ಜರ್ಮನ್ ರಾಜ್ಯವಾದ ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ, ನಡುವೆ 1793ರಲ್ಲಿ ರಷ್ಯಾ, ಪ್ರಷ್ಯಾ ಎರಡೇ ಸೇರಿ ಪೋಲೆಂಡನ್ನು ಹಂಚಿಕೊಂಡವು. 1918ರ ತನಕ ಆ ದೇಶಕ್ಕೆ ತನ್ನದು ಅನ್ನುವ ಗಡಿಯೇ ಇರಲಿಲ್ಲ. 1945ರಲ್ಲಿ ಇಡೀ ದೇಶವನ್ನೇ ಪಶ್ಚಿಮಕ್ಕೆ ಸರಿಸಿ, ಓಡರ್ ಮತ್ತು ನೈಸೆ ನದಿಗಳ ಗುಂಟ ಗೆರೆ ಎಳೆದರು. ಪದ ಮಾತ್ರ ಇಷ್ಟಕ್ಕೂ ಜಗ್ಗಲಿಲ್ಲ. ಪರದೇಶಕ್ಕೆ ಹೋದವನು ಪೋಲಿಷ್‌ನಲ್ಲಿ ‘ಗ್ರಾನಿತ್ಸಾ ಆಚೆ’ ಇದ್ದಾನೆ. ಗಣಿತದ ‘ಲಿಮಿಟ್’ಗೂ ಅದೇ ಪದ.

‘ದೊಡ್ಡ ಭಾಷೆ’ ಅಂದಿರಲ್ಲ, ಮೇಷ್ಟ್ರಾದವರು ಹಾಗನ್ನಬಾರದಿತ್ತು. ಪದಗಳು ಮೇಲಿನಿಂದ ಕೆಳಕ್ಕೇ ಇಳಿಯಬೇಕು ಎಂದು ಯಾರು ಹೇಳಿದರು? ನಮಗೆ ಬರುವ ಪತ್ರಗಳಲ್ಲೂ ಇದೇ ರೋಗ. ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಪದ ಕಂಡರೆ ನಮ್ಮವರೇ ಮೊದಲು ಕೈಮುಗಿದು, ಅದು ಅವರದ್ದು ಅನ್ನುತ್ತಾರೆ. ಮರಾಠಿಯ ‘ಅಡಕಿತ್ತಾ’ ನಮ್ಮ ಅಡಕೊತ್ತಿನಿಂದ ಹೋದದ್ದು ಎಂದರೆ ನಂಬುವುದಿಲ್ಲ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಲು ನಮಗೇನು ನಾಚಿಕೆಯೋ!

ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮ ಜಿಲ್ಲೆಯ ರೈತರು ರಫ್ತಿಗೆಂದು ಬೆಳೆಯುವ ಮಿಡಿಸೌತೆ ಇದೆಯಲ್ಲ, ಗರ್ಕಿನ್? ಇಂಗ್ಲಿಷರಿಗೆ ಆ ಹೆಸರು ಡಚ್ಚರಿಂದ ಸಿಕ್ಕಿತು. ಡಚ್ಚರಿಗೆ ಪೋಲಿಷ್, ರಷ್ಯನ್‌ನಂಥ ಭಾಷೆಗಳನ್ನಾಡುವ ಸ್ಲಾವ್ ನಾಡುಗಳ ಕಡೆಯಿಂದ. ಪೋಲರ ‘ಒಗುರೆಕ್’ ಅದೇ ಮನೆತನದ್ದು, ಜರ್ಮನ್ನರ ‘ಗುರ್ಕೆ’ಯೂ ಅದೇ. ಸ್ಲಾವರು ಅದನ್ನು ಗ್ರೀಕರಿಂದ ಪಡೆದರು. ಇದಕ್ಕೂ ನಿಮ್ಮ ತಕರಾರು ಇದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.