ನೊಣ ಹಿಡಿಯಲು ಯಾವ ಗಿಡ ತರಲಿ?

ಪ್ರಶ್ನೆ: ಅಕ್ಕಾ, ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮಾವಿನ ಕಾಲ ಬಂತೆಂದರೆ ಅಡುಗೆಮನೆ ತುಂಬಾ ನೊಣ, ಗುಂಗುರು. ಮನೆಯಲ್ಲಿ ಪುಟ್ಟ ಮಗು ಇದೆ, ಸ್ಪ್ರೇ ಹೊಡೆಯಲು ಭಯ. ನೊಣ ತಿನ್ನುವ ಗಿಡ ಒಳಗಿಟ್ಟರೆ ಪ್ರಯೋಜನ ಇದೆಯಾ? ಯಾವುದು ತರಲಿ?
– ಒಬ್ಬ ಓದುಗರು

ಉತ್ತರ: ಡ್ರಾಸೆರಾ ತನ್ನಿ. ಅದರಲ್ಲೂ ದಕ್ಷಿಣ ಆಫ್ರಿಕಾ ಮೂಲದ ಡ್ರಾಸೆರಾ ಕೆಪೆನ್ಸಿಸ್. ಕೋಲಾರದ ನಮ್ಮ ಮನೆಯಲ್ಲಿ ಅದು ಪೂರ್ವದ ಕಿಟಕಿಯಲ್ಲಿದೆ, ಪಕ್ಕದಲ್ಲೇ ಹಣ್ಣಿನ ಬುಟ್ಟಿ. ಎಲೆ ತುಂಬಾ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಅಂಟಿನ ಹನಿ. ಗುಂಗುರು ಕೂತರೆ ಏಳಲಾರದು, ಎಲೆ ನಿಧಾನಕ್ಕೆ ಅದನ್ನು ಸುತ್ತಿಕೊಳ್ಳುತ್ತದೆ. ದೊಡ್ಡ ನೊಣ ಮಾತ್ರ ಒದ್ದಾಡಿ ಬಿಡಿಸಿಕೊಂಡು ಹೋಗುವುದೂ ಉಂಟು. (ತೋಟದಲ್ಲಿ ಮಾವಿಗೆ ಹುಳ ಬೀಳಿಸುವ ಹಣ್ಣುನೊಣವೇ ಬೇರೆ. ಅದಕ್ಕೆ ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯೇ ಬೇಕು.)

ವೀನಸ್ ಫ್ಲೈಟ್ರ್ಯಾಪ್ ಆಸೆ ಬೇಡ. ಒಳಗಿನ ಕೂದಲನ್ನು ಹುಳ ಸುಮಾರು 20 ಸೆಕೆಂಡಿನಲ್ಲಿ ಎರಡು ಸಲ ಮುಟ್ಟಿದರೆ ಎಲೆ ಪಟ್ಟನೆ ಮುಚ್ಚುತ್ತದೆ, ನೋಡಲು ಬಹಳ ಚೆಂದ. ಆದರೆ ಒಂದು ನೊಣ ಅರಗಲು ವಾರ ಬೇಕು. ಕೆಲವೇ ನೊಣಕ್ಕೆ ಆ ಎಲೆಯ ಆಯಸ್ಸು ಮುಗಿಯುತ್ತದೆ. ಅಮೆರಿಕದ ಕೆರೊಲಿನಾದ ಗಿಡ ಅದು, ವರ್ಷಕ್ಕೆ ಮೂರು ತಿಂಗಳು ಒಳ್ಳೆ ಚಳಿ ಕೇಳುತ್ತದೆ. ಹೂಜಿಯಂಥ ಎಲೆಯೊಳಗೆ ಹುಳ ಬೀಳಿಸಿಕೊಳ್ಳುವ ಹೂಜಿ ಗಿಡ (ನೆಪೆಂಥಿಸ್) ಹಿಡಿಯುವುದು ಜಾಸ್ತಿ ಇರುವೆಯನ್ನೇ, ನಮ್ಮ ಒಣಗಾಳಿಗೆ ಹೂಜಿ ಬಿಡುವುದೂ ಕಷ್ಟ.

ಇನ್ನು ನೀರು. ಗಿಡ ಉಳಿಯುವುದು, ಸಾಯುವುದು ಇದರ ಮೇಲೇ. ನಮ್ಮ ಕಡೆಯ ಬೋರ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಕಟ್ಟುತ್ತದೆ ಅಲ್ವಾ? ಆ ಉಪ್ಪಿನಂಶ ಈ ಗಿಡದ ಬೇರಿಗೆ ಆಗದು. ಮಳೆನೀರೇ ಹಾಕಿ. ಮೊದಲ ಮಳೆ ಬಿಟ್ಟು, ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದು ಬಾಯಿಗೆ ಬಟ್ಟೆ ಕಟ್ಟಿಡಿ, ಸೊಳ್ಳೆ ಮೊಟ್ಟೆ ಇಡದ ಹಾಗೆ. ಕುಂಡದ ಕೆಳಗೊಂದು ತಟ್ಟೆ, ಅದರಲ್ಲಿ ಸದಾ ಸ್ವಲ್ಪ ನೀರು. ತೋಟದ ಮಣ್ಣು ಬೇಡ, ಗೊಬ್ಬರವಂತೂ ಬೇಡವೇ ಬೇಡ. ಪೀಟ್ ಮಾಸ್‌ಗೆ (ಜೌಗಿನ ಕೊಳೆತ ಪಾಚಿ) ಪರ್ಲೈಟ್ (ಹಗುರವಾದ ಬಿಳಿ ಕಲ್ಲುಹರಳು) ಬೆರೆಸಿದರೆ ಸಾಕು. ಬೆಳಗಿನ ಬಿಸಿಲು ಚೆನ್ನಾಗಿ ಬೀಳಲಿ, ಇಲ್ಲದಿದ್ದರೆ ಅಂಟೇ ಬರುವುದಿಲ್ಲ.

ಮನೆ ನೊಣದ ಕಾಟಕ್ಕೆ ಗಿಡವೊಂದೇ ಸಾಲದು. ಬೇಸಿಗೆಯಲ್ಲಿ ಮೊಟ್ಟೆ ನೊಣವಾಗಲು ವಾರ, ಹತ್ತು ದಿನ ಸಾಕು. ಕೊಟ್ಟಿಗೆಯ ಸಗಣಿ ದಿನಾ ತೆಗೆಯಿರಿ, ತಿಪ್ಪೆ ಮನೆಯಿಂದ ದೂರವಿರಲಿ. ಮಾವಿನ ಸಿಪ್ಪೆ, ವಾಟೆ ಅಂದಂದೇ ಮಣ್ಣಲ್ಲಿ ಮುಚ್ಚಿ. ಕಿಟಕಿಗೆ ಜಾಲರಿ ಹಾಕಿಸಿ. ಡ್ರಾಸೆರಾವನ್ನು ಮಗುವಿನ ಕೈಗೆ ಎಟುಕದ ಕಡೆ ಇಡಿ. ಸುಮ್ನೆ ಮುಟ್ಟುತ್ತಿದ್ದರೆ ಅಂಟು ಹೋಗುತ್ತದೆ.